ಮಲ್ಲೇಶ್ವರದ ಒಂದು ಬೆಡ್‌ರೂಮಿಗೆ ಕೊಡುವ ಬಾಡಿಗೆ ಯಾವುದಕ್ಕೆ?

ಹೋದ ವರ್ಷ ಮನೆ ಹುಡುಕುತ್ತಾ ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಸುತ್ತುವಾಗ ಒಂದು ಗೇಟಿನ ಮೇಲೆ ಟು-ಲೆಟ್ ಬೋರ್ಡು ಕಂಡಿತು. ‘ಸಿಂಗಲ್ ಬೆಡ್‌ರೂಮ್, ಫುಲ್ಲಿ ರಿನೊವೇಟೆಡ್’. ಗೇಟು ಹಳೆಯದು, ಮನೆಯೂ ಹಳೆಯದು. ಕಿಟಕಿಗಳ ಮೇಲೆ ಮರದ ಪಟ್ಟಿಯ ಚೂಪು ಟೋಪಿ. ಬೆಂಗಳೂರಿನವರು ‘ಮಂಕಿ ಟಾಪ್’ ಅಂತಾರಲ್ಲ, ಅದೇ. ಒಳಗೆ ಕಾಲಿಟ್ಟರೆ ಮಾತ್ರ ಬೇರೆ ಯಾರದೋ ಮನೆಗೆ ಬಂದ ಹಾಗಾಯಿತು. ಹೊಳೆಯುವ ಬಿಳಿ ಟೈಲ್ಸು, ಫಾಲ್ಸ್ ಸೀಲಿಂಗು, ಅದರ ಅಂಚಿಗೆ ಎಲ್‌ಇಡಿ ಲೈಟು, ಅಡುಗೆಮನೆಯಲ್ಲಿ ಚಿಮಣಿ. ಯಜಮಾನರು ಒಂದೊಂದೇ ಸ್ವಿಚ್ ಹಾಕಿ ತೋರಿಸಿದರು. ‘ಎಲ್ಲಾ ಹೊಸದು ನೋಡಿ, ಹಳೇದು ಒಂದೂ ಬಿಟ್ಟಿಲ್ಲ’ ಅಂದರು. ಖುಷಿಯಿಂದ ಅಡ್ವಾನ್ಸ್ ಕೊಟ್ಟೆ. ಜೂನ್ ಮಳೆ ಶುರುವಾಗಿ ಮೂರು ವಾರಕ್ಕೆ ಬೆಡ್‌ರೂಮಿನ ಗೋಡೆ ನೆಲದಿಂದ ಎರಡಡಿ ಎತ್ತರದವರೆಗೆ ಹಪ್ಪಳದ ಹಾಗೆ ಉಬ್ಬಿಕೊಂಡಿತು.

ಆಮೇಲೆ ಇದೇ ಏರಿಯಾದಲ್ಲಿ, ಬಸವನಗುಡಿಯಲ್ಲಿ, ಚಾಮರಾಜಪೇಟೆಯಲ್ಲಿ ಬಾಡಿಗೆಗೆ ಇರುವವರನ್ನು ಕೇಳುತ್ತಾ ಹೋದೆ. ಕತೆ ಹೆಚ್ಚುಕಮ್ಮಿ ಒಂದೇ. ಹಳೇ ಬಡಾವಣೆಗಳಲ್ಲಿ ‘ರಿನೊವೇಟೆಡ್’ ಅಂದರೆ ಮನೆಯ ಚರ್ಮ ಬದಲಾಗಿದೆ ಅಂತ ಅರ್ಥ. ಎಲುಬು ಹಳೆಯದೇ. ಬಾಡಿಗೆ ಏರುವುದು ಚರ್ಮ ನೋಡಿ, ನಾವು ದಿನಾ ಬದುಕುವುದು ಎಲುಬಿನ ಜೊತೆ. ಮನೆ ಯಾಕೆ ಹೀಗೆ ರಿಪೇರಿಯಾಗುತ್ತದೆ ಅನ್ನೋದಕ್ಕೆ ಇನ್ನೂ ಒಂದು ಕಾರಣವಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಎಲುಬು ನೋಡೋಣ.

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಓಣಿಗಳಿಂದ ಜನ ಹೊರಗೆ ಬಂದು ನೆಲೆಸಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. ಚಾಮರಾಜಪೇಟೆ ಅದಕ್ಕೂ ಸ್ವಲ್ಪ ಮುಂಚಿನದು, 1892ರದ್ದು. ಗಾಳಿ ಬೆಳಕು ಬೇಕು ಅನ್ನೋದೇ ಆ ಕಾಲದ ಯೋಚನೆ. ಹಾಗಾಗಿ ನೇರ ರಸ್ತೆ, ಅಡ್ಡರಸ್ತೆ, ಮನೆಯ ಸುತ್ತ ಖಾಲಿ ಜಾಗ. ಮನೆಗಳ ಹಿಂದೆ ಒಂದು ಸಣ್ಣ ಗಲ್ಲಿ, ಕನ್ಸರ್ವೆನ್ಸಿ ಲೇನ್. ಕಕ್ಕಸು ಹಿತ್ತಲಿನ ಕೊನೆಯಲ್ಲಿ ಇರುತ್ತಿತ್ತು. ಅದನ್ನು ಬಳಿಯುವವರು ಮುಂಬಾಗಿಲ ಕಡೆ ಬರಬಾರದು ಅಂತಲೇ ಹಿಂದಿನ ಗಲ್ಲಿ. ಸೈಟುಗಳನ್ನೂ ಜಾತಿ, ಸಮುದಾಯ ನೋಡಿ ಬ್ಲಾಕ್ ಬ್ಲಾಕ್ ಆಗಿ ಹಂಚಿದ್ದರು. ಈಗ ಗೇಟಿನ ಬೋರ್ಡಿನ ಕೆಳಗೆ ‘ವೆಜಿಟೇರಿಯನ್ಸ್ ಓನ್ಲಿ’ ಅಂತ ಇರುತ್ತದಲ್ಲ, ಅದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಮನೆ ಬಾಡಿಗೆಯಲ್ಲಿ ಇಂಥ ತಾರತಮ್ಯವನ್ನು ನೇರವಾಗಿ ತಡೆಯುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ನನ್ನ ಜೊತೆ ಮನೆ ನೋಡಲು ಬಂದ ಗೆಳೆಯನ ಹೆಸರು ಕೇಳಿದ ಮೇಲೆ ಎರಡು ಮನೆ ಇದ್ದಕ್ಕಿದ್ದ ಹಾಗೆ ‘ನಿನ್ನೆ ತಾನೇ ಕೊಟ್ಟುಬಿಟ್ವಿ’ ಆದವು. ಬೋರ್ಡು ಮಾತ್ರ ಮುಂದಿನ ವಾರವೂ ಅಲ್ಲೇ ನೇತಾಡುತ್ತಿತ್ತು.

ಈ ಬಡಾವಣೆಗಳಲ್ಲಿ ಬಾಡಿಗೆ ಮನೆ ಹೊಸದೇನಲ್ಲ. ವಠಾರಗಳಿದ್ದವು. ಒಂದು ಕಾಂಪೌಂಡು, ಸಾಲಾಗಿ ಪುಟ್ಟ ಮನೆಗಳು, ಎಲ್ಲರಿಗೂ ಒಂದೇ ನಲ್ಲಿ. ಅನುಕೂಲಸ್ಥರ ಮನೆಯ ಹಿಂದೆ ಔಟ್‌ಹೌಸ್ ಇರುತ್ತಿತ್ತು. ಅವನ್ನು ಬಾಡಿಗೆಗೆ ಅಂತಲೇ ಕಟ್ಟುತ್ತಿದ್ದರು. ಈಗ ನಡೆಯುತ್ತಿರುವುದು ಬೇರೆ. ಒಂದು ಕುಟುಂಬಕ್ಕೆ ಅಂತ ಕಟ್ಟಿದ ದೊಡ್ಡ ಮನೆಯನ್ನು ಮೂರು ನಾಲ್ಕು ಪೋರ್ಷನ್ ಮಾಡುತ್ತಾರೆ. ನಡುಮನೆಗೆ ಅಡ್ಡ ಗೋಡೆ ಬಂದು ಒಬ್ಬರ ಹಾಲ್ ಆಗುತ್ತದೆ, ಇನ್ನೊಬ್ಬರ ಬೆಡ್‌ರೂಮ್ ಆಗುತ್ತದೆ. ಬಾತ್‌ರೂಮಿಗೆ ಜಾಗ ಬೇಕಲ್ಲ? ದೇವರಮನೆ ಮುಟ್ಟಲು ಯಾರಿಗೂ ಧೈರ್ಯವಿಲ್ಲ. ಉಗ್ರಾಣ ಬಲಿಯಾಗುತ್ತದೆ.

ತೊಂದರೆ ಶುರುವಾಗುವುದು ಇಲ್ಲೇ. ಹಿತ್ತಲಲ್ಲಿ ಇದ್ದ ಕಕ್ಕಸು ಮನೆಯ ಹೊಟ್ಟೆಗೆ ಬಂತು. ಆದರೆ ಡ್ರೈನೇಜ್ ಎಷ್ಟೋ ಕಡೆ ಹಿಂದಿನ ಲೇನಿನಲ್ಲೇ ಇದೆ. ಮಧ್ಯದ ಬಾತ್‌ರೂಮಿನಿಂದ ಅಲ್ಲಿಯವರೆಗೆ ಪೈಪ್ ಎಳೆಯಬೇಕು, ಅದಕ್ಕೆ ಸರಿಯಾದ ಇಳಿಜಾರು ಕೊಡಬೇಕು. ಹಳೇ ನೆಲ ಅಗೆದು ಇಳಿಜಾರು ಕೊಡುವುದು ದುಬಾರಿ. ಆದ್ದರಿಂದ ಬಾತ್‌ರೂಮಿನ ನೆಲವನ್ನೇ ಎತ್ತರಿಸುತ್ತಾರೆ. ಬಾತ್‌ರೂಮಿಗೆ ಹೋಗಲು ಒಂದು ಮೆಟ್ಟಿಲು ಹತ್ತಬೇಕು ಅಂದರೆ ಪೈಪು ಆ ಮೆಟ್ಟಿಲಿನ ಒಳಗಿದೆ ಅಂತ ತಿಳಿದುಕೊಳ್ಳಿ. ಅಲ್ಲಿ ಲೀಕ್ ಆದರೆ ಮೊದಲು ಗೊತ್ತಾಗುವುದು ಬಾತ್‌ರೂಮಿನಲ್ಲಿ ಅಲ್ಲ, ಪಕ್ಕದ ಕೋಣೆಯ ಗೋಡೆಯಲ್ಲಿ.

ಗೋಡೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಹಳೇ ಮನೆಗಳ ಗೋಡೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು, ದಪ್ಪ. ಬೇಸಿಗೆಯಲ್ಲಿ ಒಳಗೆ ತಣ್ಣಗಿರುವುದು ಅದರಿಂದಲೇ. ಸುಣ್ಣದ ಗೋಡೆ ಉಸಿರಾಡುತ್ತದೆ. ನೆಲದ ತೇವ ಹೀರುತ್ತದೆ, ಬಿಸಿಲು ಬಂದಾಗ ಮೇಲ್ಮೈಯಿಂದ ಬಿಟ್ಟುಬಿಡುತ್ತದೆ. ಆಗಿನವರು ಮೇಲೆ ಸುಣ್ಣ ಬಳಿಯುತ್ತಿದ್ದರು. ಹಬ್ಬಕ್ಕೆ ಮುಂಚೆ ಪ್ರತಿ ವರ್ಷ ಸುಣ್ಣ ಹೊಡೆಸುವುದು ಸುಮ್ನೆ ಚೆಂದಕ್ಕಲ್ಲ. ಆ ಪದರ ತೇವಕ್ಕೆ ದಾರಿ ಬಿಡುತ್ತಿತ್ತು. ಈಗಿನ ರಿಪೇರಿಯಲ್ಲಿ ಇದರ ಮೇಲೆ ಸಿಮೆಂಟ್ ಗಿಲಾವು, ಅದರ ಮೇಲೆ ಪುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್. ಗೋಡೆಗೆ ರೇನ್‌ಕೋಟ್ ಹಾಕಿದ ಹಾಗೆ, ಆದರೆ ಮಳೆ ಇರುವುದು ಕೋಟಿನ ಒಳಗೆ. ನೀರು ಹೊರಗೆ ಬರಲಾರದೆ ಮೇಲೆ ಹತ್ತುತ್ತದೆ. ಜೊತೆಗೆ ಬಂದ ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ ಅದನ್ನು ಹೊರಗೆ ತಳ್ಳುತ್ತದೆ. ಬೆರಳಿನಿಂದ ಒತ್ತಿದರೆ ಬಿಳಿ ಪುಡಿ ಉದುರುತ್ತದೆ. ಮತ್ತೆ ಪುಟ್ಟಿ ಹಚ್ಚಿ ಬಣ್ಣ ಹೊಡೆದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಹಪ್ಪಳ.

ಚಾವಣಿಯದೂ ಇದೇ ಕತೆ. ಹಳೇ ಮನೆಗಳಲ್ಲಿ ಮದ್ರಾಸ್ ಟೆರೇಸ್ ಜಾಸ್ತಿ. ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ನಿಲ್ಲಿಸಿ ಜೋಡಿಸಿ, ಮೇಲೆ ಗಾರೆ ಹಾಕುವ ವಿಧಾನ. ಚೆನ್ನಾಗಿ ನೋಡಿಕೊಂಡರೆ ನೂರು ವರ್ಷ ನಿಲ್ಲುತ್ತದೆ. ನೋಡಿಕೊಳ್ಳಬೇಕಾದ ಜಾಗ ತೊಲೆಯ ತುದಿ ಗೋಡೆಗೆ ಸೇರುವಲ್ಲಿ, ಗೆದ್ದಲು ಮತ್ತು ನೀರು ಮೊದಲು ಬರುವುದು ಅಲ್ಲಿಗೆ. ಫಾಲ್ಸ್ ಸೀಲಿಂಗ್ ಸರಿಯಾಗಿ ಆ ಜಾಗವನ್ನೇ ಮುಚ್ಚುತ್ತದೆ. ಹಾಗಾಗಿ ಇಂಥ ಮನೆ ನೋಡಲು ಹೋದರೆ ಎಲ್‌ಇಡಿ ಲೈಟ್ ನೋಡುವ ಮೊದಲು ಟೆರೇಸ್ ಹತ್ತಿ. ಮೇಲೆ ನೀರು ನಿಂತ ಕಲೆ ಇದೆಯಾ, ಓವರ್‌ಹೆಡ್ ಟ್ಯಾಂಕ್ ಯಾವ ಕೋಣೆಯ ನೆತ್ತಿಯ ಮೇಲೆ ಕೂತಿದೆ, ನೋಡಿ. ಒಳಗೆ ಗೋಡೆಯ ಕೆಳಗಿನ ಎರಡು ಮೂರಡಿಗೆ ಮಾತ್ರ ಬಣ್ಣ ಹೊಸದಾಗಿ ಕಂಡರೆ ಮನಸ್ಸಿನಲ್ಲೇ ನಗಿ, ಬಾಡಿಗೆ ಚೌಕಾಶಿ ಶುರುಮಾಡಿ.

ನನ್ನದೊಂದು ಸಣ್ಣ ಅಳತೆಗೋಲಿದೆ. ರೆಡ್ ಆಕ್ಸೈಡ್ ನೆಲ ಉಳಿಸಿಕೊಂಡ ಮನೆ ಸಿಕ್ಕರೆ ಟೈಲ್ಸ್ ಮನೆಗಿಂತ ಅದಕ್ಕೆ ಮೊದಲ ಮಣೆ. ಚೆಂದ ಅಂತ ಅಷ್ಟೇ ಅಲ್ಲ. ಹಳೇ ನೆಲದ ಬಿರುಕು ಮುಚ್ಚಿಸಿ, ತಿಕ್ಕಿಸಿ, ಪಾಲಿಶ್ ಮಾಡಿಸುವ ತಾಳ್ಮೆ ಇರುವ ಮಾಲೀಕರಿಗೆ ಆ ಮನೆ ಇನ್ನೊಂದಷ್ಟು ಕಾಲ ಇರಬೇಕು ಅನ್ನೋ ಆಸೆ ಇರುತ್ತದೆ. ಟೈಲ್ಸ್ ಎರಡು ವಾರದಲ್ಲಿ ಮುಗಿಯುವ ಕೆಲಸ. ಅವಸರ ಇರುವವರು ಟೈಲ್ಸ್ ಹಾಕಿಸುತ್ತಾರೆ.

ಕರೆಂಟು, ನೀರಿನ ಬಗ್ಗೆ ಎರಡು ಮಾತು. ಒಂದು ಕುಟುಂಬಕ್ಕೆ ಅಂತ ಮಂಜೂರಾದ ಲೋಡ್ ಮೇಲೆ ಈಗ ಮೂರು ಗೀಸರ್ ಓಡುತ್ತವೆ. ಒಂದೊಂದು ಗೀಸರ್ ಸಾಮಾನ್ಯವಾಗಿ 2 ಕಿಲೋವ್ಯಾಟ್. ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಅಂತ ಅಚ್ಚಾಗಿರುತ್ತದೆ, ಒಂದು ಹಳೇ ಬಿಲ್ ಕೇಳಿ ನೋಡಿ. ಅದಕ್ಕಿಂತ ಮುಖ್ಯವಾದದ್ದು, ನಿಮ್ಮ ಪೋರ್ಷನ್‌ಗೆ ಸ್ವಂತ ಮೀಟರ್, ಸ್ವಂತ ಆರ್‌ಆರ್ ನಂಬರ್ (ಬೆಸ್ಕಾಂ ಸಂಪರ್ಕದ ಗುರುತಿನ ಸಂಖ್ಯೆ) ಇದೆಯಾ ಅಥವಾ ಬರೀ ಸಬ್-ಮೀಟರಾ? 2023ರ ಜುಲೈನಲ್ಲಿ ಜಾರಿಗೆ ಬಂದ ಗೃಹಜ್ಯೋತಿ, ಅಂದರೆ ತಿಂಗಳಿಗೆ 200 ಯೂನಿಟ್‌ವರೆಗಿನ ಉಚಿತ ಕರೆಂಟು, ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ಆರ್‌ಆರ್ ನಂಬರಿಗೆ ಆಧಾರ್ ಜೋಡಿಸಬೇಕು, ಹಿಂದೆ ಇದ್ದವರು ಡಿ-ಲಿಂಕ್ ಮಾಡಿರಬೇಕು. ಸಬ್-ಮೀಟರ್ ಆದರೆ ಮೂರೂ ಮನೆಯ ಯೂನಿಟ್ ಒಂದೇ ಲೆಕ್ಕಕ್ಕೆ ಸೇರಿ 200 ದಾಟುತ್ತದೆ, ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ನೀರಿನಲ್ಲಿ ಈ ಏರಿಯಾಗಳು ಪುಣ್ಯವಂತರ ಕಡೆ. 2024ರ ಬೇಸಿಗೆಯಲ್ಲಿ ಹೊರವಲಯದವರು ಟ್ಯಾಂಕರ್ ಹಿಂದೆ ಓಡುವಾಗ ಇಲ್ಲಿ ಕಾವೇರಿ ನೀರು ಹೇಗೋ ಬರುತ್ತಿತ್ತು. ಕೇಳಬೇಕಾದ್ದು ಸಂಪ್ ಎಷ್ಟು ದೊಡ್ಡದು, ಎಷ್ಟು ಮನೆಗೆ ಹಂಚಿಕೆ, ಮೋಟಾರ್ ಸ್ವಿಚ್ ಯಾರ ಮನೆಯೊಳಗಿದೆ. ಕೊನೆಯ ಪ್ರಶ್ನೆ ತಮಾಷೆಯಲ್ಲ. ಸ್ವಿಚ್ ಇರುವ ಮನೆಯವರು ಊರಿಗೆ ಹೋದಾಗ ಗೊತ್ತಾಗುತ್ತದೆ.

ಇನ್ನು ನಾನು ಆಮೇಲೆ ಹೇಳುತ್ತೇನೆ ಅಂದ ಕಾರಣ. ಮಾಲೀಕರು ಯಾಕೆ ಸರಿಯಾಗಿ ರಿಪೇರಿ ಮಾಡಿಸುವುದಿಲ್ಲ? ಜಿಪುಣರು ಅಂತ ಬೈದರೆ ವಿಷಯ ಅರ್ಥವಾಗುವುದಿಲ್ಲ. ಒಂದು ಲೆಕ್ಕ ಹಾಕೋಣ. 40-60 ಸೈಟು, ಅಂದರೆ 2,400 ಚದರಡಿ. ಉದಾಹರಣೆಗೆ ಚದರಡಿಗೆ 20,000 ರೂಪಾಯಿ ಅಂತ ಇಟ್ಟುಕೊಳ್ಳಿ. ನೆಲದ ಬೆಲೆಯೇ 4 ಕೋಟಿ 80 ಲಕ್ಷ. ಅದರ ಮೇಲೆ ಮೂರು ಪೋರ್ಷನ್, ಒಂದೊಂದಕ್ಕೆ 25,000 ಬಾಡಿಗೆ. ವರ್ಷಕ್ಕೆ 9 ಲಕ್ಷ. ನೆಲದ ಬೆಲೆಯ ಶೇ 2 ಕೂಡ ಇಲ್ಲ. ಬ್ಯಾಂಕಿನಲ್ಲಿ ಡಿಪಾಸಿಟ್ ಇಟ್ಟರೂ ಇದರ ಮೂರು ಪಟ್ಟು ಬರುತ್ತದೆ. ಅಂದಮೇಲೆ ಬಾಡಿಗೆ ಅವರಿಗೆ ತರಕಾರಿ ದುಡ್ಡು. ನಿಜವಾದ ಗಂಟು ನೆಲ.

ಹಾಗಾದರೆ ಇವತ್ತೇ ಬಿಲ್ಡರ್‌ಗೆ ಕೊಡಬಹುದಲ್ಲ? ಕೊಡಲು ಎಲ್ಲರ ಸಹಿ ಬೇಕು. ಅಜ್ಜ ಕಟ್ಟಿದ ಮನೆ, ಅಪ್ಪ ತೀರಿಕೊಂಡಿದ್ದಾರೆ, ಮಕ್ಕಳು ನಾಲ್ವರು. ಒಬ್ಬರು ಮಹಡಿಯಲ್ಲಿ, ಒಬ್ಬರು ಮೈಸೂರಿನಲ್ಲಿ, ಇಬ್ಬರು ಅಮೆರಿಕದಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಸಮಪಾಲು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. ಬಹಳ ಒಳ್ಳೆಯ ಕೆಲಸ. ಆದರೆ ಸಹಿ ಬೇಕಾದವರ ಸಂಖ್ಯೆ ಜಾಸ್ತಿಯಾಯಿತು, ಅಕ್ಕ-ತಂಗಿಯರಿಗೆ ಪಾಲು ಕೊಡಲು ಮನಸ್ಸಿಲ್ಲದ ಮನೆಗಳಲ್ಲಿ ಕೋರ್ಟೂ ಬಂತು. ಪಾರ್ಟಿಷನ್ ಆಗಲು ಐದು ವರ್ಷವೋ ಹದಿನೈದು ವರ್ಷವೋ. ಅಲ್ಲಿಯವರೆಗೆ ಮನೆ ಖಾಲಿ ಬಿಟ್ಟರೆ ಹಾಳು ಬೀಳುತ್ತದೆ. ಯಾರಾದರೂ ಇರಬೇಕು, ದೀಪ ಹಚ್ಚಬೇಕು, ಆದರೆ ಏಳಿ ಅಂದಾಗ ಏಳಬೇಕು. ಆ ಯಾರಾದರೂ ಅಂದರೆ ನಾವು. ಟೈಲ್ಸು, ಚಿಮಣಿ ಎಲ್ಲ ಬರುವುದು ಈ ಕಾಯುವ ಕಾಲಕ್ಕೆ. ಕೆಡವಲಿಕ್ಕಿರುವ ಮನೆಯ ತೊಲೆಯ ತುದಿಗೆ ಯಾರು ದುಡ್ಡು ಸುರಿಯುತ್ತಾರೆ?

ಹನ್ನೊಂದು ತಿಂಗಳ ಅಗ್ರಿಮೆಂಟು ಇದಕ್ಕೆ ಹೇಳಿಮಾಡಿಸಿದ ಹಾಗಿದೆ. ವರ್ಷ ದಾಟುವ ಕರಾರು ನೋಂದಣಿ ಆಗಲೇಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಅದರಿಂದ ತಪ್ಪಿಸಿಕೊಳ್ಳಲು ಹನ್ನೊಂದು. ಕರ್ನಾಟಕ ಬಾಡಿಗೆ ಕಾಯ್ದೆ ಅಂತ 1999ರದ್ದು ಒಂದಿದೆಯಲ್ಲ ಅನ್ನಬಹುದು. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ ಅದು ಅನ್ವಯಿಸುವುದಿಲ್ಲ. ಈಗ 3,500ಕ್ಕೆ ಮಲ್ಲೇಶ್ವರದಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಸಿಕ್ಕರೆ ಹೆಚ್ಚು. ಹಾಗಾಗಿ ನಮ್ಮನ್ನು ಆಳುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅಗ್ರಿಮೆಂಟಿನಲ್ಲಿ ಬೇರೆ ಮಾತಿಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆ ಬಿಡಿಸಲು 15 ದಿನದ ನೋಟಿಸ್ ಸಾಕು ಅಂತ ಅದರ 106ನೇ ಸೆಕ್ಷನ್ ಹೇಳುತ್ತದೆ.

ಆದರೆ ಈ ಹಳೇ ಕಾಯ್ದೆಯಲ್ಲಿ ನಮಗೆ ಬೇಕಾದ ಮಾತುಗಳೂ ಇವೆ, ಯಾರೂ ಓದುವುದಿಲ್ಲ ಅಷ್ಟೇ. 108ನೇ ಸೆಕ್ಷನ್ ನೋಡಿ. ಮಾಲೀಕರಿಗೆ ಗೊತ್ತಿರುವ, ಆದರೆ ಬಾಡಿಗೆದಾರ ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ದೊಡ್ಡ ದೋಷವಿದ್ದರೆ ಮೊದಲೇ ಹೇಳಬೇಕು. ಪುಟ್ಟಿಯ ಹಿಂದಿನ ತೇವ ಇದಕ್ಕೆ ಒಳ್ಳೆಯ ಉದಾಹರಣೆ ಅಲ್ವಾ? ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟರೂ ಮಾಡಿಸದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ‘ಮಾಡಿಸಲೇಬೇಕಾದ’ ಅನ್ನೋದರಲ್ಲೇ ಗುಟ್ಟಿದೆ. ಯಾವ ರಿಪೇರಿ ಯಾರದ್ದು ಅಂತ ಅಗ್ರಿಮೆಂಟಿನಲ್ಲಿ ಬರೆಸಿದ್ದರೆ ಈ ಮಾತಿಗೆ ಬಲ. ಚಾವಣಿ, ಡ್ರೈನೇಜ್, ಒಳಗಿನ ವೈರಿಂಗ್ ಮಾಲೀಕರದ್ದು ಅಂತ ಒಂದು ಸಾಲು ಸೇರಿಸಿ. ಸೇರಿಸಿ ಅಂದರೆ ಬಹಳ ಜನ ಒಪ್ಪುತ್ತಾರೆ, ಯಾಕೆಂದರೆ ಅವರಿಗೂ ಅದು ಸ್ಟೇಷನರಿ ಅಂಗಡಿಯಲ್ಲಿ ಟೈಪ್ ಆದ ಕಾಗದ ಅಷ್ಟೇ. ಇನ್ನೊಂದು, ಮನೆ ಮಾರಾಟವಾದರೂ ಅಗ್ರಿಮೆಂಟ್ ಮುಗಿಯುವವರೆಗೆ ಅದರ ಷರತ್ತುಗಳು ಕೊಂಡವರಿಗೂ ಅಂಟಿಕೊಳ್ಳುತ್ತವೆ.

ಬಣ್ಣದ ದುಡ್ಡಿನ ಕತೆ ಕೇಳಿ. ಮನೆ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಬೆಂಗಳೂರಿನ ಸಂಪ್ರದಾಯ. ಕಾನೂನಿನ ಪ್ರಕಾರ ದಿನಬಳಕೆಯ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ. ಆದರೆ ಅಗ್ರಿಮೆಂಟಿನಲ್ಲಿ ಬರೆದು ಸಹಿ ಹಾಕಿದರೆ ಹೊಣೆ ಹೊತ್ತ ಹಾಗೆಯೇ. 25,000 ಬಾಡಿಗೆಯ ಮನೆ ಹನ್ನೊಂದು ತಿಂಗಳಿಗೆ ಬಿಟ್ಟರೆ ತಿಂಗಳಿಗೆ 2,270 ರೂಪಾಯಿ ಬಣ್ಣಕ್ಕೇ ಹೋಯಿತು. ಹತ್ತು ತಿಂಗಳ ಅಡ್ವಾನ್ಸ್, ಅಂದರೆ 2.5 ಲಕ್ಷ, ಬಡ್ಡಿಯಿಲ್ಲದೆ ಅವರ ಹತ್ತಿರ ಕೂತಿದೆ. ಶೇ 7ರ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 1,450. ಅಲ್ಲಿಗೆ 25,000ದ ಮನೆ 28,700ರ ಹತ್ತಿರ ಬಂತು. ಎರಡು ವರ್ಷ ಇದ್ದರೆ ಬಣ್ಣದ ಭಾರ ಅರ್ಧವಾಗುತ್ತದೆ. ಆದರೆ ಎರಡು ವರ್ಷ ಇರಬಹುದಾ ಅನ್ನೋದು ಅಮೆರಿಕದ ತಮ್ಮನ ಸಹಿಯ ಮೇಲೆ ನಿಂತಿದೆ. ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಅಂತ 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಹೆಸರೇ ಹೇಳುವ ಹಾಗೆ ಅದು ಮಾದರಿ. ರಾಜ್ಯಗಳು ತಾವಾಗಿ ಕಾನೂನು ಮಾಡಿಕೊಂಡರೆ ಮಾತ್ರ ಅದಕ್ಕೆ ಬಲ.

ಕೆಲವರು ‘ಬಾಡಿಗೆ ಬೇಡ, ಲೀಸ್‌ಗೆ ತಗೊಳ್ಳಿ’ ಅಂತಾರೆ. ಭೋಗ್ಯ ಅಂತ ಕರೆಯುತ್ತಿದ್ದದ್ದು ಇದನ್ನೇ. ಒಟ್ಟಿಗೆ ಹತ್ತಿಪ್ಪತ್ತು ಲಕ್ಷ ಕೊಟ್ಟು ಬಾಡಿಗೆಯಿಲ್ಲದೆ ಇರುವುದು. ಪಾಲಾಗದ ಮನೆಯಲ್ಲಿ ಇದನ್ನು ನಾನಂತೂ ಮಾಡುವುದಿಲ್ಲ. ದುಡ್ಡು ಈಸಿಕೊಂಡವರು ಒಬ್ಬರು, ಪಾಲುದಾರರು ನಾಲ್ವರು, ಮನೆಯ ಮೇಲೆ ಬ್ಯಾಂಕ್ ಸಾಲವಿದ್ದರೆ ಐದನೆಯವರೂ ಬಂದು ನೋಟಿಸ್ ಅಂಟಿಸುತ್ತಾರೆ.

ಮಾಲೀಕರು ಯಾರು ಅನ್ನೋದು ತೆರಿಗೆಗೂ ಮುಖ್ಯ. ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಎಚ್‌ಆರ್‌ಎ (ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ) ವಿನಾಯಿತಿಗೆ ಅವರ ಪ್ಯಾನ್ ನಂಬರ್ ಬೇಕು. ಕೇಳಿದರೆ ಕೆಲವರ ಮುಖ ಸಣ್ಣದಾಗುತ್ತದೆ. ಅದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ. ಬಾಡಿಗೆ ಹೋಗುವುದು ವಿದೇಶದಲ್ಲಿ ನೆಲೆಸಿದ ಅನಿವಾಸಿ ಭಾರತೀಯರಿಗೆ ಅಂತಾದರೆ, ಬಾಡಿಗೆ ಎಷ್ಟೇ ಕಮ್ಮಿ ಇರಲಿ, ತೆರಿಗೆ ಮುರಿದು ಸರ್ಕಾರಕ್ಕೆ ಕಟ್ಟುವ ಹೊಣೆ ಬಾಡಿಗೆದಾರನದು. ತಿಂಗಳಿಗೆ 50,000ದ ಮಿತಿ ಇರುವುದು ಇಲ್ಲೇ ನೆಲೆಸಿದ ಮಾಲೀಕರಿಗೆ ಮಾತ್ರ. ಅರ್ಧ ಮಲ್ಲೇಶ್ವರದ ಮಕ್ಕಳು ಹೊರದೇಶದಲ್ಲಿರುವಾಗ ಇದು ದೂರದ ಮಾತಲ್ಲ. ದುಡ್ಡು ಯಾರ ಖಾತೆಗೆ ಹೋಗುತ್ತದೆ ಅಂತ ಸಹಿಗೆ ಮುಂಚೆ ಕೇಳಿ.

ಇಷ್ಟೆಲ್ಲಾ ಗೊತ್ತಿದ್ದೂ ಜನ ಯಾಕೆ ಬರುತ್ತಾರೆ? ನಾನು ಯಾಕೆ ಬಂದೆ? ಬೆಳಿಗ್ಗೆ ನಡೆದು ಹೋದರೆ ಎಂಟನೇ ಅಡ್ಡರಸ್ತೆಯಲ್ಲಿ ಹೂವು, ಸೊಪ್ಪು. ಸಿಟಿಆರ್ ದೋಸೆಗೆ ಬಸ್ ಹತ್ತಬೇಕಿಲ್ಲ. ಸಂಪಿಗೆ ರಸ್ತೆ ಮೆಟ್ರೊ 2014ರಿಂದ ಓಡುತ್ತಿದೆ. ಬಸವನಗುಡಿಯವರಿಗೆ 2017ರಲ್ಲಿ ನ್ಯಾಷನಲ್ ಕಾಲೇಜು ಸ್ಟೇಷನ್ ಬಂತು. ಅವರಿಗೆ ಕಾರ್ತಿಕದ ಕೊನೇ ಸೋಮವಾರ ಕಡಲೆಕಾಯಿ ಪರಿಷೆಯೂ ಇದೆ. ಆ ದಿನಗಳಲ್ಲಿ ಬುಲ್ ಟೆಂಪಲ್ ರಸ್ತೆಯ ಪಕ್ಕದವರು ಕಾರು ಹೊರಗೆ ತೆಗೆಯುವ ಆಸೆ ಬಿಡಬೇಕು, ಅದು ಬೇರೆ ಮಾತು. ಮರದ ನೆರಳು, ನಡೆಯುವಷ್ಟು ದೂರದಲ್ಲಿ ಎಲ್ಲ. ನಾವು ಜಾಸ್ತಿ ಬಾಡಿಗೆ ಕೊಡುವುದು ನಿಜವಾಗಿ ಇದಕ್ಕೆ. ಇದನ್ನು ಯಾವ ಮಾಲೀಕರೂ ರಿನೊವೇಟ್ ಮಾಡಿಸಿಲ್ಲ. ನೂರಿಪ್ಪತ್ತು ವರ್ಷದ ಹಿಂದೆ ಗೆರೆ ಎಳೆದವರು, ಮರ ನೆಟ್ಟವರು, ಅಂಗಡಿ ಇಟ್ಟವರು ಮಾಡಿದ್ದು. ಆದ್ದರಿಂದ ಚೌಕಾಶಿ ಮಾಡುವಾಗ ಬಡಾವಣೆಗೆ ಬೆಲೆ ಕೊಡಿ, ಚಿಮಣಿಗೆ ಕೊಡಬೇಡಿ. ಅದೇ ರಸ್ತೆಯಲ್ಲಿ ಟೈಲ್ಸ್ ಇಲ್ಲದ ಪೋರ್ಷನ್ ಎಷ್ಟಕ್ಕೆ ಹೋಗಿದೆ ಅಂತ ಮೂಲೆಯ ದಿನಸಿ ಅಂಗಡಿಯಲ್ಲಿ ಕೇಳಿದರೆ ಬ್ರೋಕರ್‌ಗಿಂತ ಸರಿಯಾಗಿ ಹೇಳುತ್ತಾರೆ.

ನನ್ನ ಗೋಡೆಗೆ ಕೊನೆಗೆ ಏನಾಯಿತು? ಯಜಮಾನರು ಒಬ್ಬ ಪೇಂಟರ್ ಕಳಿಸಿದರು, ಅವನು ಪುಟ್ಟಿ ಹಚ್ಚಿದ. ಹೋಗುವಾಗ ‘ಸಾರ್, ಇದು ನಿಲ್ಲಲ್ಲ, ಯಾಕೆ ಹೇಳಿ ಸುಮ್ನೆ’ ಅಂತ ಅವನೇ ನಕ್ಕ. ಡಿಸೆಂಬರಿನಲ್ಲಿ ಯಜಮಾನರ ತಮ್ಮ ಫೋನ್ ಮಾಡಿದರು. ‘ಕೆಳಗಿನ ಪೋರ್ಷನ್‌ನಲ್ಲಿರೋದು ನೀವೇ ಅಲ್ವಾ? ಶನಿವಾರ ಅಳತೆಗೆ ಜನ ಬರ್ತಾರೆ, ಗೇಟ್ ತೆಗೆದುಕೊಡಿ’ ಅಂದರು. ಮೂವರು ಬಂದರು. ನಾನು ಮನೆ ಗುಡಿಸಿ, ಬಾಗಿಲು ತೆಗೆದು ಕಾದಿದ್ದೆ. ಅವರು ಕಾಂಪೌಂಡಿನ ನಾಲ್ಕೂ ಮೂಲೆಗೆ ಟೇಪ್ ಹಿಡಿದರು, ಮುಂದಿನ ರಸ್ತೆಯ ಅಗಲ ಅಳೆದರು, ಬರೆದುಕೊಂಡರು. ಒಳಗೆ ಬನ್ನಿ ಅಂದೆ. ‘ಬೇಡ ಸಾರ್, ಆಯ್ತು’ ಅಂದು ಹೊರಟರು.